ಯಾರ ಗರಡಿ ಗಟ್ಟಿ?

2023ರ ಡಿಸೆಂಬರ್ 3, ಭಾನುವಾರ ನಡುಮಧ್ಯಾಹ್ನ. ಅಮೆರಿಕದ ಓಹಾಯೊ ರಾಜ್ಯದ ಕೊಲಂಬಸ್‌ನಲ್ಲಿ ತಂಗಿಯ ಮಗಳ ಮನೆಯಲ್ಲಿದ್ದೆ. ಬಿಸಿಬೇಳೆ ಬಾತು ಮೇಜಿನ ಮೇಲೆ ಆರುತ್ತಿತ್ತು; ಟೀವಿ ಮುಂದಿನಿಂದ ಯಾರೂ ಏಳುತ್ತಿರಲಿಲ್ಲ. ಅಳಿಯ ಅದೇ ಊರಿನ ಓಹಾಯೊ ಸ್ಟೇಟ್‌ನಲ್ಲಿ ಎಂ.ಎಸ್. ಮಾಡಿದವನು. ಅವನ ಭಾವಮೈದ, ಅಂದರೆ ತಂಗಿಯ ಮಗ, ಓದಿದ್ದು ದಕ್ಷಿಣದ ಅಲಬಾಮಾ ವಿಶ್ವವಿದ್ಯಾಲಯದಲ್ಲಿ. ದಾವಣಗೆರೆಯಲ್ಲಿದ್ದಷ್ಟು ದಿನ ಇಬ್ಬರೂ ಈ ಆಟದ ಒಂದು ಪಂದ್ಯವನ್ನೂ ನೋಡಿದವರಲ್ಲ. ಆವತ್ತು ಇಬ್ಬರೂ ಉಸಿರು ಬಿಗಿಹಿಡಿದು ಕೂತಿದ್ದರು. ಕಾಲೇಜು ಫುಟ್‌ಬಾಲ್‌ನ ರಾಷ್ಟ್ರೀಯ ಪ್ಲೇಆಫ್‌ಗೆ ಯಾವ ನಾಲ್ಕು ತಂಡ ಹೋಗುತ್ತವೆ ಎಂದು ಆಯ್ಕೆ ಸಮಿತಿ ಪ್ರಕಟಿಸುವ ಹೊತ್ತದು.

ಮಿಷಿಗನ್, ವಾಷಿಂಗ್ಟನ್, ಟೆಕ್ಸಾಸ್, ಅಲಬಾಮಾ. ನಾಲ್ಕು ಹೆಸರು ಬಂದವು. ಐದನೆಯ ಸ್ಥಾನದಲ್ಲಿ, ಅಂದರೆ ಬಾಗಿಲ ಹೊರಗೆ, ಫ್ಲೋರಿಡಾ ಸ್ಟೇಟ್.

"ನೋಡಿದ್ರಾ ಭಾವ! ಎಸ್‌ಇಸಿ ಚಾಂಪಿಯನ್ನನ್ನ ಬಿಟ್ಟು ಪ್ಲೇಆಫ್ ನಡೆಸೋಕಾಗುತ್ತಾ?"

"ಹದಿಮೂರಕ್ಕೆ ಹದಿಮೂರೂ ಗೆದ್ದವರು ಹೊರಗೆ, ಸೋತವರು ಒಳಗೆ. ಇದು ಯಾವ ನ್ಯಾಯ ಕಣಪ್ಪ?"

ನನಗೂ ಅದೇ ಪ್ರಶ್ನೆ. ಒಂದೂ ಪಂದ್ಯ ಸೋಲದವರನ್ನು ಯಾಕೆ ಬಿಟ್ಟರು ಎಂದು ಕೇಳಿದೆ. "ಅವರು ಆಡಿದ್ದು ಎಸಿಸಿಯಲ್ಲಿ ದೊಡ್ಡಮ್ಮ. ಅದು ಅಷ್ಟು ಗಟ್ಟಿ ಕಾನ್ಫರೆನ್ಸ್ ಅಲ್ಲ" ಎಂದ ತಂಗಿಯ ಮಗ. ಗಟ್ಟಿ ಅಲ್ಲ ಎಂದು ಯಾರು ಅಳೆದರು, ಯಾವ ಕೋಲಿನಿಂದ ಅಳೆದರು? ಊರಿಗೆ ಮರಳಿದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಇಷ್ಟು ದಿನ ಓದಿ, ನೋಡಿ, ಅವರಿಬ್ಬರನ್ನೂ ಪೀಡಿಸಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಕಾನ್ಫರೆನ್ಸ್ ಎಂದರೇನು ಎಂಬುದು. ಅಮೆರಿಕದ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಮೈಕೊಟ್ಟು ಕೆಡವುವ ಆಟ. ಅಲ್ಲಿ ವಿಶ್ವವಿದ್ಯಾಲಯದ ತಂಡದ ಪಂದ್ಯಕ್ಕೆ ಲಕ್ಷ ಜನ ಸೇರುತ್ತಾರೆ. ಇದು ಬಾಯಿಮಾತಿನ ಲಕ್ಷವಲ್ಲ. ಕೊಲಂಬಸ್‌ನ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಮೀರಿ ಆಸನಗಳಿವೆ. ಅತಿ ಮೇಲಿನ ದರ್ಜೆಯಲ್ಲಿ ನೂರ ಮೂವತ್ತಕ್ಕೂ ಹೆಚ್ಚು ತಂಡಗಳು ಆಡುತ್ತವೆ. ಎಲ್ಲರೂ ಎಲ್ಲರೊಂದಿಗೆ ಆಡುವ ಮಾತೇ ಇಲ್ಲ. ಹಾಗಾಗಿ ಶಾಲೆಗಳು (ಅಲ್ಲಿ ವಿಶ್ವವಿದ್ಯಾಲಯವನ್ನೂ ಶಾಲೆ ಎನ್ನುತ್ತಾರೆ) ಕೂಟ ಕಟ್ಟಿಕೊಂಡು ಹೆಚ್ಚಾಗಿ ತಮ್ಮತಮ್ಮೊಳಗೇ ಆಡುತ್ತವೆ. ಆ ಕೂಟವೇ ಕಾನ್ಫರೆನ್ಸ್. ಉತ್ತರದ ಶಾಲೆಗಳು 1896ರಲ್ಲಿ ಷಿಕಾಗೊದಲ್ಲಿ ಕಟ್ಟಿಕೊಂಡದ್ದು ಇವತ್ತಿನ ಬಿಗ್ ಟೆನ್. ಹೆಸರಲ್ಲಿ ಹತ್ತು, ಲೆಕ್ಕಕ್ಕೆ ಈಗ ಹದಿನೆಂಟು. ದಕ್ಷಿಣದ ಹದಿಮೂರು ಶಾಲೆಗಳು 1932ರಲ್ಲಿ ಟೆನೆಸಿಯ ನಾಕ್ಸ್‌ವಿಲ್‌ನಲ್ಲಿ ಸೇರಿ ಮಾಡಿಕೊಂಡದ್ದು ಸೌತ್ ಈಸ್ಟರ್ನ್ ಕಾನ್ಫರೆನ್ಸ್, ಎಲ್ಲರ ಬಾಯಲ್ಲಿ ಎಸ್‌ಇಸಿ; ಅದರಲ್ಲಿ ಈಗ ಹದಿನಾರು. ಇವೆರಡೂ ದೊಡ್ಡಣ್ಣಂದಿರು. ಅಟ್ಲಾಂಟಿಕ್ ಕರಾವಳಿಯ ಎಸಿಸಿ ಮತ್ತು ಬಿಗ್ 12 ಅವರ ಹಿಂದೆ ಬರುತ್ತವೆ.

ಕೊನೆಯ ಚಾಂಪಿಯನ್‌ಶಿಪ್, ಪ್ಲೇಆಫ್ ಪಂದ್ಯಗಳನ್ನು ಬಿಟ್ಟರೆ ಒಂದು ಋತುವಿನಲ್ಲಿ ಒಂದು ತಂಡಕ್ಕೆ ಹನ್ನೆರಡೇ ಪಂದ್ಯ. ಅದರಲ್ಲಿ ಎಂಟೋ ಒಂಬತ್ತೋ ಕೂಟದೊಳಗೇ ಮುಗಿಯುತ್ತವೆ. ನಾನು ಇದನ್ನು ಅರ್ಥ ಮಾಡಿಕೊಂಡದ್ದು ಮೈಸೂರಿನ ಗರಡಿಮನೆಗಳನ್ನು ನೆನೆದು. ಒಂದು ಗರಡಿಯ ಪೈಲ್ವಾನರು ವರ್ಷವಿಡೀ ತಮ್ಮ ಮಟ್ಟಿಯಲ್ಲೇ ಒಬ್ಬರನ್ನೊಬ್ಬರು ಕೆಡವುತ್ತಾರೆ. ಪಕ್ಕದ ಬೀದಿಯ ಗರಡಿಯಲ್ಲೂ ಹಾಗೆಯೇ. ಈ ಗರಡಿಯಲ್ಲಿ ಯಾರು ಮೇಲು, ಆ ಗರಡಿಯಲ್ಲಿ ಯಾರು ಮೇಲು ಎಂದು ಹೇಳಬಹುದು. ಈ ಗರಡಿ ಮೇಲೋ ಆ ಗರಡಿ ಮೇಲೋ ಎಂದು ಹೇಳಬೇಕಾದರೆ ಇಲ್ಲಿಯವರು ಅಲ್ಲಿಯವರ ಮೇಲೆ ಕೈ ಹಾಕಲೇಬೇಕು.

ಇದಕ್ಕೊಂದು ಸರಳ ಲೆಕ್ಕವಿದೆ. ಹದಿನಾರು ತಂಡ, ಕೂಟದೊಳಗೆ ತಲಾ ಎಂಟು ಪಂದ್ಯ ಎಂದುಕೊಳ್ಳಿ. ಒಟ್ಟು 64 ಪಂದ್ಯ. ಪ್ರತಿ ಪಂದ್ಯದಲ್ಲೂ ಒಬ್ಬ ಗೆಲ್ಲುತ್ತಾನೆ, ಒಬ್ಬ ಸೋಲುತ್ತಾನೆ. ಕೊನೆಗೆ 64 ಗೆಲುವು, 64 ಸೋಲು. ಆ ಹದಿನಾರೂ ತಂಡ ದೇಶದಲ್ಲೇ ಅತಿ ಬಲಿಷ್ಠವಾಗಿದ್ದರೂ ಇಷ್ಟೇ, ಅತಿ ದುರ್ಬಲವಾಗಿದ್ದರೂ ಇಷ್ಟೇ. ಕೂಟದೊಳಗಿನ ಪಂದ್ಯಗಳನ್ನು ಎಷ್ಟೇ ತಿರುಗಿಸಿ ನೋಡಿದರೂ ಕೂಟದ ಬಲ ತಿಳಿಯುವುದಿಲ್ಲ. ಎಸ್‌ಇಸಿಯಲ್ಲಿ ಯಾರು ಯಾರನ್ನಾದರೂ ಸೋಲಿಸಬಲ್ಲರು, ಅಷ್ಟು ಗಟ್ಟಿ ಪೈಪೋಟಿ ಎಂದು ದಕ್ಷಿಣದವರು ಹೆಮ್ಮೆಯಿಂದ ಹೇಳುತ್ತಾರೆ. ಎಲ್ಲರೂ ಸಮಾನವಾಗಿ ಸಾಧಾರಣರಾಗಿದ್ದರೂ ಯಾರು ಯಾರನ್ನಾದರೂ ಸೋಲಿಸಬಲ್ಲರು. ಆ ಮಾತು ಎರಡು ಕಡೆಗೂ ಹೊಂದುತ್ತದೆ.

ಹಾಗಾದರೆ ಹೊರಗಿನ ಪಂದ್ಯಗಳು? ಉಳಿದದ್ದೇ ಮೂರೋ ನಾಲ್ಕೋ. ಅವುಗಳಲ್ಲೂ ಹೆಚ್ಚಿನವು ಸಣ್ಣ ಶಾಲೆಗಳಿಗೆ ದುಡ್ಡು ಕೊಟ್ಟು ಕರೆಸಿ ಆಡುವ ಪಂದ್ಯಗಳು. ಒಂದು ಮಧ್ಯಾಹ್ನ ಬಂದು ಸೋತು ಹೋಗುವುದಕ್ಕೆ ಸಣ್ಣ ಶಾಲೆಗೆ ಹತ್ತು ಲಕ್ಷ ಡಾಲರ್ ದಾಟಿ ಸಿಗುವುದೂ ಉಂಟು. ಅದರಿಂದಲೇ ಅವರ ಕ್ರೀಡಾ ವಿಭಾಗದ ವರ್ಷ ಕಳೆಯುತ್ತದೆ. (ಅಪರೂಪಕ್ಕೆ ಹಾಗೆ ಬಂದವರೇ ಗೆದ್ದು ಹೋಗುತ್ತಾರೆ. 2007ರಲ್ಲಿ ಅಪಲಾಚಿಯನ್ ಸ್ಟೇಟ್ ಎಂಬ ಕೆಳದರ್ಜೆಯ ತಂಡ ಮಿಷಿಗನ್‌ನ ಅಂಗಳಕ್ಕೇ ಹೋಗಿ 34–32ರಲ್ಲಿ ಸೋಲಿಸಿತು.) ಇವನ್ನೆಲ್ಲ ಕಳೆದರೆ, ದೊಡ್ಡ ಕೂಟವೊಂದರ ತಂಡ ಇನ್ನೊಂದು ದೊಡ್ಡ ಕೂಟದ ತಂಡವನ್ನು ಎದುರಿಸುವುದು ಬಹಳಷ್ಟು ಸಲ ಋತುವಿಗೆ ಒಮ್ಮೆ, ಅದೂ ಸೆಪ್ಟೆಂಬರ್‌ನಲ್ಲಿ, ತಂಡ ಇನ್ನೂ ಕುದುರುವ ಮೊದಲು. ಕೂಟಕ್ಕೂ ಕೂಟಕ್ಕೂ ನಡುವೆ ಇರುವುದು ಕಾಲುಸಂಕದಷ್ಟು ದಾರಿ. ಅದರ ಮೇಲೆ ನಿಂತು ಸಾವಿರ ಮಾತು ಆಡುತ್ತಾರೆ.

ಇವರು ಅವರನ್ನು ಸೋಲಿಸಿದರು, ಅವರು ಮತ್ತೊಬ್ಬರನ್ನು ಸೋಲಿಸಿದರು, ಆದ್ದರಿಂದ ಇವರು ಮತ್ತೊಬ್ಬರಿಗಿಂತ ಮೇಲು ಎನ್ನುವ ಸರಪಳಿ ಲೆಕ್ಕವೂ ನಿಲ್ಲುವುದಿಲ್ಲ. 2008ರಲ್ಲಿ ಬಿಗ್ 12ರೊಳಗೆ ಟೆಕ್ಸಾಸ್ ತಂಡ ಓಕ್ಲಹೋಮಾವನ್ನು 45–35ರಲ್ಲಿ ಸೋಲಿಸಿತು. ಆ ಟೆಕ್ಸಾಸನ್ನು ಟೆಕ್ಸಾಸ್ ಟೆಕ್ 39–33ರಲ್ಲಿ ಸೋಲಿಸಿತು. ಆ ಟೆಕ್ಸಾಸ್ ಟೆಕ್ಕನ್ನು ಓಕ್ಲಹೋಮಾ 65–21ರಲ್ಲಿ ಜಜ್ಜಿಹಾಕಿತು. ಮೂವರಿಗೂ ಕೂಟದಲ್ಲಿ ಒಂದೊಂದೇ ಸೋಲು. ರ್ಯಾಂಕಿಂಗ್ ನೋಡಿ ಓಕ್ಲಹೋಮಾವನ್ನು ಮುಂದಕ್ಕೆ ಕಳಿಸಿದರು. ಟೆಕ್ಸಾಸ್‌ನವರು ಆ ಗಾಯವನ್ನು ಇನ್ನೂ ಮರೆತಿಲ್ಲ.

ರ್ಯಾಂಕಿಂಗ್ ಎಂದೆನಲ್ಲ, ನನ್ನ ಮುಖ್ಯ ತಕರಾರು ಇರುವುದು ಅಲ್ಲಿ. ಪತ್ರಕರ್ತರು ಮತ ಹಾಕಿ ಮಾಡುವ ಎಪಿ ಪಟ್ಟಿ 1936ರಿಂದ ನಡೆದುಬಂದಿದೆ. ಅದರ ಮೊದಲ ಪಟ್ಟಿ ಈಗ ಆಗಸ್ಟ್‌ನಲ್ಲೇ ಬರುತ್ತದೆ. ಒಂದು ಪಂದ್ಯವೂ ನಡೆದಿರುವುದಿಲ್ಲ. ಕಳೆದ ವರ್ಷದ ನೆನಪು, ಶಾಲೆಯ ಹೆಸರು, ಹೊಸದಾಗಿ ಸೇರಿದ ಹುಡುಗರ ಖ್ಯಾತಿ, ಇಷ್ಟರ ಮೇಲೆ ಇಪ್ಪತ್ತೈದು ಸ್ಥಾನ ತುಂಬಬೇಕು. ಎಸ್‌ಇಸಿಯ ಏಳೆಂಟು ತಂಡ ಆ ಪಟ್ಟಿಯಲ್ಲಿ ಕೂತವು ಎಂದುಕೊಳ್ಳಿ. ಅಕ್ಟೋಬರ್‌ನಲ್ಲಿ ಎಂಟನೆಯ ತಂಡ ಹನ್ನೆರಡನೆಯ ತಂಡಕ್ಕೆ ಸೋಲುತ್ತದೆ. ಗೆದ್ದವರಿಗೆ ಎಂಟನೆಯವರನ್ನು ಬಗ್ಗುಬಡಿದ ಕೀರ್ತಿ. ಸೋತವರಿಗೂ ದೊಡ್ಡ ನಷ್ಟವಿಲ್ಲ. ಸೋತದ್ದು ಬಲಿಷ್ಠರಿಗೆ ತಾನೇ! ಪಟ್ಟಿಯಲ್ಲಿ ಒಬ್ಬರೂ ಇಲ್ಲದ ಇನ್ನೊಂದು ಕೂಟದಲ್ಲಿ ಅದೇ ವಾರ ಅಂಥದ್ದೇ ಪಂದ್ಯ ನಡೆದರೆ, ಗೆದ್ದವರನ್ನು ಯಾರೂ ಕೇಳುವುದಿಲ್ಲ, ಸೋತವರ ಕತೆ ಅಲ್ಲಿಗೆ ಮುಗಿಯಿತು. ಒಂದೇ ಘಟನೆಗೆ ಎರಡು ಬೆಲೆ. ಆಗಸ್ಟ್‌ನಲ್ಲಿ ಊಹೆ ಮಾಡಿ ಇಟ್ಟದ್ದನ್ನು ನವೆಂಬರ್‌ನಲ್ಲಿ ಪುರಾವೆಯೆಂದು ಎತ್ತಿ ತೋರಿಸುತ್ತಾರೆ. ಇದರಲ್ಲಿ ಮೋಸವೇನೂ ಇಲ್ಲ, ಎಲ್ಲರೂ ಪ್ರಾಮಾಣಿಕರೇ. ಆದರೂ ನೀರು ತಿರುತಿರುಗಿ ಅದೇ ಮಡಿಗೇ ಹರಿಯುತ್ತದೆ.

ಪತ್ರಕರ್ತರ ಈ ಪಟ್ಟಿಯಿಂದ ಯಾರೂ ಪ್ಲೇಆಫ್‌ಗೆ ಹೋಗುವುದಿಲ್ಲ ನಿಜ. ಹದಿಮೂರು ಜನರ ಆಯ್ಕೆ ಸಮಿತಿ ಬೇರೆಯೇ ಇದೆ. ಅದು ತನ್ನ ಮೊದಲ ಪಟ್ಟಿ ಮಾಡುವಷ್ಟರಲ್ಲಿ ಋತು ಅರ್ಧ ದಾಟಿರುತ್ತದೆ. ಆದರೆ ಆ ಹದಿಮೂರು ಜನ ಗುಹೆಯಲ್ಲಿ ಕೂತವರಲ್ಲ. ಎರಡು ತಿಂಗಳು ಟೀವಿಯಲ್ಲಿ ತಂಡದ ಹೆಸರಿನ ಪಕ್ಕದಲ್ಲಿ ಕಂಡ ಆ ಅಂಕಿ ಅವರ ಕಣ್ಣಿಗೂ ಬಿದ್ದಿರುತ್ತದೆ.

ಈಗ ಫ್ಲೋರಿಡಾ ಸ್ಟೇಟ್ ವಿಷಯಕ್ಕೆ ಬರುತ್ತೇನೆ. 2023ರಲ್ಲಿ ಆ ತಂಡ ಎಸಿಸಿಯ ಚಾಂಪಿಯನ್ ಆಗಿತ್ತು, 13–0. ಎಸಿಸಿ ದುರ್ಬಲ ಎಂದರಲ್ಲವೇ? ಸರಿ, ಎಸಿಸಿಯ ಆಚೆಗೆ ನೋಡೋಣ. ಋತುವಿನ ಮೊದಲ ಪಂದ್ಯದಲ್ಲೇ ಅವರು ಎಸ್‌ಇಸಿಯ ಎಲ್‌ಎಸ್‌ಯುವನ್ನು 45–24ರಲ್ಲಿ ಸೋಲಿಸಿದ್ದರು. ಕೊನೆಯಲ್ಲಿ ಎಸ್‌ಇಸಿಯದೇ ಫ್ಲೋರಿಡಾವನ್ನು 24–15ರಲ್ಲಿ, ಅದೂ ಅವರ ಅಂಗಳದಲ್ಲಿ. ಗರಡಿ ದಾಟಿ ಹೋಗಿ ಎರಡು ಸಲ ಕೈ ಹಾಕಿ ಎರಡು ಸಲವೂ ಗೆದ್ದವರು. ಇನ್ನೇನು ಮಾಡಬೇಕಿತ್ತು? ಸಮಿತಿಗೆ ಇನ್ನೊಂದು ಕಾರಣವಿತ್ತು: ನವೆಂಬರ್‌ನಲ್ಲಿ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು, ಜೋರ್ಡನ್ ಟ್ರಾವಿಸ್ ಕಾಲು ಮುರಿದುಕೊಂಡಿದ್ದ, ಅವನಿಲ್ಲದ ತಂಡ ಮೊದಲಿನ ತಂಡವಲ್ಲ ಎಂಬ ವಾದ. ಅವನಿಲ್ಲದೆಯೂ ಅವರು ಫ್ಲೋರಿಡಾವನ್ನು ಗೆದ್ದರು, ಚಾಂಪಿಯನ್‌ಶಿಪ್ ಪಂದ್ಯದಲ್ಲಿ ಲೂಯಿವಿಲ್ ಮೇಲೆ 16–6ರಲ್ಲಿ ಗೆದ್ದರು. ತಾನು ಗಾಯಗೊಂಡದ್ದೇ ತಂಡಕ್ಕೆ ಮುಳುವಾಯಿತಲ್ಲ ಎಂದು ಆ ಹುಡುಗ ನೊಂದುಕೊಂಡ. ಅದನ್ನು ಓದಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ಅಲಬಾಮಾ ಪರವಾಗಿ ಹೇಳಬೇಕಾದ್ದನ್ನೂ ಹೇಳಬೇಕು. ಸತತ 29 ಪಂದ್ಯ ಗೆದ್ದು ಬಂದಿದ್ದ ಜಾರ್ಜಿಯಾವನ್ನು ಹಿಂದಿನ ದಿನವಷ್ಟೇ ಅವರು 27–24ರಲ್ಲಿ ಸೋಲಿಸಿದ್ದರು. ಅವರ ಒಂದೇ ಸೋಲು ಟೆಕ್ಸಾಸ್ ಕೈಯಲ್ಲಿ. ಟೆಕ್ಸಾಸನ್ನು ಒಳಗೆ ಸೇರಿಸಿ ಅವರನ್ನು ಹೊರಗಿಡುವುದು ಸಮಿತಿಗೆ ಸುಲಭವಿರಲಿಲ್ಲ. ಆ ತಂಡ ಚೆನ್ನಾಗಿತ್ತು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆಡಿ ಗಳಿಸಿದ್ದಕ್ಕಿಂತ ಆಡಿದರೆ ಗೆಲ್ಲಬಹುದು ಎಂಬುದಕ್ಕೆ ಹೆಚ್ಚು ತೂಕ ಕೊಟ್ಟರೆ, ಇಡೀ ಋತು ಯಾಕೆ ಆಡಿಸಬೇಕು?

ಆಮೇಲೆ ಆರೆಂಜ್ ಬೌಲ್ ಎಂಬ, ಋತುವಿನ ಕೊನೆಗೆ ನಡೆಯುವ ವಿಶೇಷ ಪಂದ್ಯದಲ್ಲಿ ಜಾರ್ಜಿಯಾ ಅದೇ ಫ್ಲೋರಿಡಾ ಸ್ಟೇಟನ್ನು 63–3ರಲ್ಲಿ ಸೋಲಿಸಿತು. ತಂಗಿಯ ಮಗ ಆ ರಾತ್ರಿಯೇ ಫೋನ್ ಮಾಡಿ, "ಈಗೇನಂತೀರಿ?" ಎಂದ. ಫ್ಲೋರಿಡಾ ಸ್ಟೇಟ್‌ನ ಮುಖ್ಯ ಆಟಗಾರರು ಡಜನುಗಟ್ಟಲೆ ಆ ಪಂದ್ಯಕ್ಕೆ ಇಳಿದೇ ಇರಲಿಲ್ಲ. ಕೆಲವರು ವೃತ್ತಿಪರ ಲೀಗ್‌ಗೆ ತಯಾರಾಗಲು ಬಿಟ್ಟರು, ಕೆಲವರು ಶಾಲೆ ಬದಲಿಸಲು ಹೊರಟರು. ಮನಸ್ಸು ಮುರಿದ ತಂಡದ ಎರಡನೆಯ ಸಾಲು ಅದು. ಬೌಲ್ ಪಂದ್ಯಗಳ ಗೆಲುವು ಸೋಲನ್ನು ಕೂಟಗಳ ಬಲಕ್ಕೆ ಸಾಕ್ಷಿಯಾಗಿ ತರುವುದನ್ನು ಇನ್ನಾದರೂ ಬಿಡಬೇಕು. ಎರಡು ದಿನ ಬಿಟ್ಟು, 2024ರ ಜನವರಿ 1ರಂದು, ನಿಜವಾದ ಪಂದ್ಯ ನಡೆಯಿತು. ರೋಸ್ ಬೌಲ್‌ನಲ್ಲಿ ಬಿಗ್ ಟೆನ್‌ನ ಮಿಷಿಗನ್ ಹೆಚ್ಚುವರಿ ಸಮಯದಲ್ಲಿ ಅಲಬಾಮಾವನ್ನು 27–20ರಲ್ಲಿ ಮಣಿಸಿತು. ಓಹಾಯೊ ಸ್ಟೇಟ್ ಮತ್ತು ಮಿಷಿಗನ್‌ದು ಹಾವು ಮುಂಗುಸಿಯ ವೈರ. ಮಿಷಿಗನ್ ಪಂದ್ಯದ ವಾರ ಕೊಲಂಬಸ್ ಆವರಣದ ಫಲಕಗಳಲ್ಲಿ ಎಂ ಅಕ್ಷರ ಇರುವಲ್ಲೆಲ್ಲ ಕೆಂಪು ಪಟ್ಟಿ ಅಂಟಿಸಿ ಅದನ್ನು ಹೊಡೆದುಹಾಕುತ್ತಾರೆ. ಆವತ್ತು ಅಳಿಯ ಮಿಷಿಗನ್ ಗೆಲ್ಲಲಿ ಎಂದು ಬಾಯಿಬಿಟ್ಟು ಹೇಳಲಿಲ್ಲ. ಗೆದ್ದಾಗ ಎದ್ದು ಹೋಗಿ ಎಲ್ಲರಿಗೂ ಕಾಫಿ ಮಾಡಿ ತಂದುಕೊಟ್ಟ.

ದಕ್ಷಿಣದವರಿಗೆ ಆ ಮುಚ್ಚುಮರೆ ಇಲ್ಲ. ತಮ್ಮ ಬದ್ಧವೈರಿ ಗೆದ್ದರೂ ಹೊರಗಿನವರ ಎದುರಾದರೆ "ಎಸ್‌ಇಸಿ, ಎಸ್‌ಇಸಿ" ಎಂದು ಘೋಷಣೆ ಕೂಗುತ್ತಾರೆ. ಈ ಅಭಿಮಾನ ಬರೀ ಆಟದ್ದಲ್ಲ. ಅಂತರ್ಯುದ್ಧದಲ್ಲಿ ಸೋತು ಬಡವಾಗಿದ್ದ ದಕ್ಷಿಣಕ್ಕೆ, 1926ರ ಹೊಸವರ್ಷದ ದಿನ ಕ್ಯಾಲಿಫೋರ್ನಿಯಾದ ರೋಸ್ ಬೌಲ್‌ನಲ್ಲಿ ಅಲಬಾಮಾ ವಾಷಿಂಗ್ಟನ್ ತಂಡವನ್ನು 20–19ರಲ್ಲಿ ಸೋಲಿಸಿದ್ದು ತಲೆ ಎತ್ತುವ ಗಳಿಗೆಯಾಯಿತು. ತಂಡ ರೈಲಿನಲ್ಲಿ ಮರಳುವಾಗ ದಾರಿಯ ಊರುಗಳಲ್ಲಿ ಜನ ಸೇರಿ ಸ್ವಾಗತಿಸಿದರು.

ಆದರೆ ಆ ತಲೆ ಎತ್ತಿದ ದಕ್ಷಿಣದಲ್ಲಿ ಕರಿಯರಿಗೆ ಜಾಗ ಇರಲಿಲ್ಲ. ಯಾವ ಕೂಟ ಗಟ್ಟಿ ಎಂದು ವಾದಿಸುವವರು ಈ ಅಧ್ಯಾಯವನ್ನು ಹಾರಿಸಿ ಹೋಗುತ್ತಾರೆ, ನನಗೆ ಅದೇ ಎಲ್ಲಕ್ಕಿಂತ ಮುಖ್ಯ ಎನಿಸುತ್ತದೆ. ಎಸ್‌ಇಸಿ ಫುಟ್‌ಬಾಲ್ ಪಂದ್ಯದಲ್ಲಿ ಮೊದಲ ಕರಿಯ ಆಟಗಾರ ಇಳಿದದ್ದು 1967ರ ಸೆಪ್ಟೆಂಬರ್ 30ರಂದು: ಕೆಂಟಕಿಯ ನೇಟ್ ನಾರ್ಥಿಂಗ್ಟನ್. ಅವನ ಜೊತೆಗೇ ಸೇರಿದ್ದ ಗೆಳೆಯ, ಕರಿಯನೇ ಆದ ಗ್ರೆಗ್ ಪೇಜ್, ಅಭ್ಯಾಸದಲ್ಲಿ ಕುತ್ತಿಗೆಗೆ ಪೆಟ್ಟಾಗಿ ಹಿಂದಿನ ದಿನವಷ್ಟೇ ತೀರಿಕೊಂಡಿದ್ದ. ಆ ದುಃಖ ಹೊತ್ತು ನಾರ್ಥಿಂಗ್ಟನ್ ಮೈದಾನಕ್ಕೆ ಇಳಿದ.

ಅದಕ್ಕೂ ಮುಂಚೆ ದಕ್ಷಿಣದ ಕರಿಯ ಹುಡುಗರು ಎಲ್ಲಿ ಹೋಗುತ್ತಿದ್ದರು? ಹಲವರು ಕರಿಯರಿಗಾಗಿಯೇ ಇದ್ದ ಕಾಲೇಜುಗಳಿಗೆ. ಕೆಲವರು ಉತ್ತರಕ್ಕೆ, ಬಿಗ್ ಟೆನ್‌ಗೆ. ಮಿಷಿಗನ್ ಸ್ಟೇಟ್‌ನ ತರಬೇತುದಾರ ಡಫಿ ಡಾರ್ಟಿ ಅಂಥವರನ್ನು ಹುಡುಕಿ ಕರೆತಂದರು. ಟೆಕ್ಸಾಸ್‌ನ ಬ್ಯೂಮಾಂಟ್‌ನಿಂದ ಬಬ್ಬ ಸ್ಮಿತ್, ಅದೇ ರಾಜ್ಯದಿಂದ ಜೀನ್ ವಾಷಿಂಗ್ಟನ್, ಸೌತ್ ಕೆರೊಲಿನಾದಿಂದ ಜಾರ್ಜ್ ವೆಬ್‌ಸ್ಟರ್, ನಾರ್ತ್ ಕೆರೊಲಿನಾದಿಂದ ಕ್ವಾರ್ಟರ್‌ಬ್ಯಾಕ್ ಜಿಮ್ಮಿ ರೇ. ಆ ಕಾಲಕ್ಕೆ ಕರಿಯ ಹುಡುಗನ ಕೈಗೆ ಕ್ವಾರ್ಟರ್‌ಬ್ಯಾಕ್ ಸ್ಥಾನ ಕೊಡುವುದೇ ದೊಡ್ಡ ಮಾತು. 1966ರಲ್ಲಿ ಆ ತಂಡ ಒಂದೂ ಪಂದ್ಯ ಸೋಲಲಿಲ್ಲ. ನೋಟರ್ ಡೇಮ್ ಜೊತೆ 10–10ರ ಸಮ ಮಾಡಿಕೊಂಡಿತು. ಮರುವರ್ಷ ವೃತ್ತಿಪರ ತಂಡಗಳು ಆಟಗಾರರನ್ನು ಆರಿಸಿದಾಗ ಮೊದಲ ಎಂಟರಲ್ಲಿ ನಾಲ್ವರು ಮಿಷಿಗನ್ ಸ್ಟೇಟ್‌ನವರೇ, ಅವರಲ್ಲಿ ಮೂವರು ದಕ್ಷಿಣದಿಂದ ಹೋದವರು. ಆ ವರ್ಷಗಳಲ್ಲಿ ಬಿಗ್ ಟೆನ್‌ನ ಬಲದ ಒಂದು ಪಾಲು ದಕ್ಷಿಣ ತಾನೇ ಬಾಗಿಲು ಹಾಕಿ ಹೊರಗಟ್ಟಿದ ಬಲ.

ಬಾಗಿಲು ತೆರೆದ ಕತೆಯನ್ನು ಅಲ್ಲಿ ಎಲ್ಲರೂ ಒಂದು ಪಂದ್ಯಕ್ಕೆ ಕಟ್ಟಿ ಹೇಳುತ್ತಾರೆ. 1970ರ ಸೆಪ್ಟೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ಗೆ ಬಂದ ದಕ್ಷಿಣ ಕ್ಯಾಲಿಫೋರ್ನಿಯಾ ತಂಡ ಬರೀ ಬಿಳಿಯರಿದ್ದ ಅಲಬಾಮಾವನ್ನು 42–21ರಲ್ಲಿ ಸೋಲಿಸಿತು. ಸ್ಯಾಮ್ ಕನ್ನಿಂಗ್‌ಹ್ಯಾಮ್ ಎಂಬ ಕರಿಯ ಆಟಗಾರ ಅವರ ರಕ್ಷಣೆಯನ್ನು ಸೀಳಿಕೊಂಡು ಓಡಿದ. ಅಂದಿನಿಂದ ಕೋಚ್ ಬೇರ್ ಬ್ರಯಂಟ್ ಮನಸ್ಸು ಬದಲಾಯಿತು ಎಂಬುದು ಆ ಕತೆ. ಕತೆ ಚೆಂದ, ಆದರೆ ಪೂರ್ತಿ ಸರಿಯಲ್ಲ. ಆ ಪಂದ್ಯಕ್ಕೆ ಮೊದಲೇ ವಿಲ್ಬರ್ ಜ್ಯಾಕ್ಸನ್ ಎಂಬ ಕರಿಯ ಹುಡುಗನನ್ನು ಅಲಬಾಮಾ ಸೇರಿಸಿಕೊಂಡಿತ್ತು. ನ್ಯಾಯಾಲಯಗಳಲ್ಲಿ, ಬೀದಿಗಳಲ್ಲಿ ಹೋರಾಡಿದವರು ಬಾಗಿಲನ್ನು ಆಗಲೇ ಒದ್ದು ಸಡಿಲಿಸಿದ್ದರು. ಆಮೇಲೆ ದಕ್ಷಿಣದ ಹುಡುಗರು ದಕ್ಷಿಣದಲ್ಲೇ ಉಳಿದರು. ಉತ್ತರದ ಉಕ್ಕು, ಕಾರು ಕಾರ್ಖಾನೆಗಳು ಮುಚ್ಚತೊಡಗಿ ಜನ ಬಿಸಿಲ ನಾಡುಗಳ ಕಡೆ ಇಳಿದರು. ಫ್ಲೋರಿಡಾ, ಜಾರ್ಜಿಯಾ, ಟೆಕ್ಸಾಸ್‌ಗಳ ಹೈಸ್ಕೂಲುಗಳು ಪ್ರತಿಭೆಯ ಗಣಿಗಳಾದವು. ಎಸ್‌ಇಸಿಯ ಬಲಕ್ಕೆ ಅದರ ಮಣ್ಣಿನ ಗುಣವಲ್ಲ, ಈ ಎರಡು ವಲಸೆಗಳ ಲೆಕ್ಕವೇ ಕಾರಣ ಎಂದು ನಾನು ನಂಬಿದ್ದೇನೆ.

ಆ ಬಲ ಹುಸಿಯಲ್ಲ. 2006ರಿಂದ 2012ರವರೆಗೆ ಸತತ ಏಳು ರಾಷ್ಟ್ರೀಯ ಪ್ರಶಸ್ತಿಗಳು ಎಸ್‌ಇಸಿಗೇ ಹೋದವು: ಫ್ಲೋರಿಡಾ, ಎಲ್‌ಎಸ್‌ಯು, ಅಲಬಾಮಾ, ಆಬರ್ನ್. 2022ರವರೆಗೆ ಎಣಿಸಿದರೆ ಹದಿನೇಳರಲ್ಲಿ ಹದಿಮೂರು. 2011ರ ಋತುವಿನಲ್ಲಂತೂ ಅಂತಿಮ ಪಂದ್ಯದ ಎರಡೂ ತಂಡ ಎಸ್‌ಇಸಿಯವೇ. ನವೆಂಬರ್‌ನಲ್ಲಿ ಎಲ್‌ಎಸ್‌ಯು ಅಲಬಾಮಾವನ್ನು 9–6ರಲ್ಲಿ ಸೋಲಿಸಿತ್ತು, ಜನವರಿಯಲ್ಲಿ ಅದೇ ಅಲಬಾಮಾ 21–0ರಲ್ಲಿ ತೀರಿಸಿಕೊಂಡಿತು. ಬಿಗ್ 12 ಗೆದ್ದಿದ್ದ ಓಕ್ಲಹೋಮಾ ಸ್ಟೇಟ್ ಹೊರಗೆ ನಿಂತು ನೋಡಿತು. ನಾಲ್ಕು ತಂಡಗಳ ಪ್ಲೇಆಫ್ ಬೇಕೆಂಬ ಕೂಗು ಗಟ್ಟಿಯಾದದ್ದು ಆ ರಾತ್ರಿಯಿಂದ.

ಮುಂದಿನ ಮಾತು ದುಡ್ಡಿನದು. ಯಾವ ಪಂದ್ಯ ಟೀವಿಯಲ್ಲಿ ಬರಬೇಕೆಂಬುದು ಬಹುಕಾಲ ಕಾಲೇಜು ಕ್ರೀಡೆಯ ರಾಷ್ಟ್ರೀಯ ಮಂಡಳಿಯ ಕೈಯಲ್ಲಿತ್ತು. ಓಕ್ಲಹೋಮಾ, ಜಾರ್ಜಿಯಾ ವಿಶ್ವವಿದ್ಯಾಲಯಗಳು ಮೊಕದ್ದಮೆ ಹೂಡಿ, 1984ರಲ್ಲಿ ಸುಪ್ರೀಂ ಕೋರ್ಟ್ ಆ ಹಿಡಿತವನ್ನು ಬಿಡಿಸಿತು. ಅಂದಿನಿಂದ ಕೂಟಗಳೇ ವ್ಯಾಪಾರಿಗಳು. 2022ರಲ್ಲಿ ಬಿಗ್ ಟೆನ್ ಮಾಡಿಕೊಂಡ ಏಳು ವರ್ಷದ ಟೀವಿ ಒಪ್ಪಂದದ ಮೊತ್ತ 700 ಕೋಟಿ ಡಾಲರ್‌ಗೂ ಮೇಲೆ. ಯಾರ ಕೂಟ ಗಟ್ಟಿ ಎಂಬ ಹರಟೆ ಇಲ್ಲಿ ಹರಟೆಯಾಗಿ ಉಳಿಯುವುದಿಲ್ಲ. 2026ರಿಂದ ಪ್ಲೇಆಫ್ ಹಣದಲ್ಲಿ ಬಿಗ್ ಟೆನ್, ಎಸ್‌ಇಸಿಗಳಿಗೆ ತಲಾ ಸುಮಾರು ಶೇಕಡಾ 29 ಪಾಲು. ಎಸಿಸಿ, ಬಿಗ್ 12 ಅದರ ಅರ್ಧದ ಆಸುಪಾಸಿನಲ್ಲಿ ತೃಪ್ತಿಪಡಬೇಕು. 2025ರಲ್ಲಿ ಬಿಗ್ ಟೆನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ಲೇಆಫ್ ಹಿಗ್ಗಿಸಿ ಎರಡು ದೊಡ್ಡ ಕೂಟಗಳಿಗೆ ತಲಾ ನಾಲ್ಕು ಸ್ಥಾನ ಮೊದಲೇ ಮೀಸಲಿಡಬೇಕೆಂದಿತು. ನನಗೆ ಇದನ್ನು ಸಹಿಸಲಾಗದು. ಪಂದ್ಯ ನಡೆಯುವ ಮೊದಲೇ ಫಲಿತಾಂಶದ ಅರ್ಧ ಬರೆದಿಟ್ಟಂತೆ.

ಮೈದಾನದ ಬಲವೇ ದುಡ್ಡು ತರುತ್ತದೆ ಎನ್ನುವವರು ಪ್ಯಾಕ್-12ರ ಕಡೆ ನೋಡಬೇಕು. 1915ರಲ್ಲಿ ಹುಟ್ಟಿದ ಪಶ್ಚಿಮ ಕರಾವಳಿಯ ಕೂಟ. 2023ರಲ್ಲಿ ಅದರ ಆಟ ಹಲವು ವರ್ಷಗಳಲ್ಲೇ ಚೆನ್ನಾಗಿತ್ತು. ಅದರ ವಾಷಿಂಗ್ಟನ್ ತಂಡ ಒಂದೂ ಸೋಲದೆ ರಾಷ್ಟ್ರೀಯ ಅಂತಿಮ ಪಂದ್ಯ ಮುಟ್ಟಿತು. ಅದೇ ಹೊತ್ತಿಗೆ ತಕ್ಕ ಟೀವಿ ಒಪ್ಪಂದ ಸಿಗದೆ ಕೂಟವೇ ಒಡೆದು, 2024ರಲ್ಲಿ ಉಳಿದದ್ದು ಎರಡು ಶಾಲೆ. ಅಲ್ಲಿಂದ ಎದ್ದುಬಂದ ಆರೆಗನ್, ಬಿಗ್ ಟೆನ್‌ಗೆ ಕಾಲಿಟ್ಟ ಮೊದಲ ವರ್ಷವೇ ಅದರ ಚಾಂಪಿಯನ್ ಆಯಿತು. ಆ ಗೆಲುವು ಯಾರ ಗರಡಿಯದು? ನಿನ್ನೆವರೆಗೆ ಪಕ್ಕದ ಗರಡಿಯಲ್ಲಿ ಬೆಳೆದ ಪೈಲ್ವಾನ ಇವತ್ತು ಇಲ್ಲಿಯ ಲಂಗೋಟಿ ಕಟ್ಟಿ ಗೆದ್ದರೆ, ಇಲ್ಲಿಯ ಮಟ್ಟಿಯನ್ನು ಹೊಗಳುವುದು ಹೇಗೆ?

ಹುಡುಗರ ವಿಷಯದಲ್ಲೂ ಈಗ ಇದೇ ಕತೆ. 2021ರಿಂದ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದು, ವರ್ಷ ಕಾಯದೆ ಶಾಲೆ ಬದಲಿಸಬಹುದು. ಇದರಿಂದ ಆಟ ಕೆಟ್ಟಿತು ಎಂದು ಗೊಣಗುವವರು ಬಹಳ. ಲಕ್ಷ ಜನ ಟಿಕೆಟ್ ಕೊಂಡು ನೋಡುವ ಹುಡುಗನಿಗೆ ನಾಲ್ಕು ಕಾಸು ಸಿಕ್ಕಿದ್ದು ನ್ಯಾಯವೇ ಎನ್ನುವುದು ನನ್ನ ಅಭಿಪ್ರಾಯ. ಮೊದಲು ದೊಡ್ಡ ಶಾಲೆಗಳ ಬೆಂಚಿನ ಮೇಲೆ ಕೂತು ವರ್ಷ ಕಳೆಯುತ್ತಿದ್ದವರು ಈಗ ಎದ್ದು ಇನ್ನೊಂದು ಕಡೆ ಆಡುತ್ತಾರೆ. ಎಸ್‌ಇಸಿಯಲ್ಲೇ ಸದಾ ಸೋಲುತ್ತಿದ್ದ ವ್ಯಾಂಡರ್‌ಬಿಲ್ಟ್, ನ್ಯೂ ಮೆಕ್ಸಿಕೊ ಸ್ಟೇಟ್‌ನಿಂದ ಬಂದ ಡಿಯೆಗೊ ಪಾವಿಯಾ ಎಂಬ ಕ್ವಾರ್ಟರ್‌ಬ್ಯಾಕ್ ನೆಚ್ಚಿ 2024ರಲ್ಲಿ ಅಲಬಾಮಾವನ್ನೇ 40–35ರಲ್ಲಿ ಕೆಡವಿತು.

ಆ ವರ್ಷ ಪ್ಲೇಆಫ್ ಹನ್ನೆರಡು ತಂಡಗಳಿಗೆ ಹಿಗ್ಗಿತು. ಜಗಳ ಮುಗಿಯುತ್ತದೆಂದುಕೊಂಡಿದ್ದೆ, ಅದು ಬಾಗಿಲ ಬಳಿಯಿಂದ ಜಗಲಿಗೆ ಬಂತು ಅಷ್ಟೇ. ಮೂರು ಸೋಲಿನ ಅಲಬಾಮಾವನ್ನು ಬಿಟ್ಟು ಎಸಿಸಿಯ ಎಸ್‌ಎಂಯುವನ್ನು ತೆಗೆದುಕೊಂಡಿದ್ದಾರೆ, ಸುಲಭ ಪಂದ್ಯಗಳನ್ನಾಡಿ ಬಂದ ಇಂಡಿಯಾನಾಗೂ ಜಾಗ ಕೊಟ್ಟಿದ್ದಾರೆ ಎಂದು ದಕ್ಷಿಣ ಕುದಿಯಿತು. ಇಬ್ಬರೂ ಮೊದಲ ಸುತ್ತಿನಲ್ಲೇ ಸೋತಾಗ ಆ ಮಾತಿಗೆ ಇನ್ನಷ್ಟು ಕಾವು ಬಂತು. ಅದೇ ಸುತ್ತಿನಲ್ಲಿ ಎಸ್‌ಇಸಿಯ ಟೆನೆಸಿ ಕೊಲಂಬಸ್‌ನ ಚಳಿಯಲ್ಲಿ ಓಹಾಯೊ ಸ್ಟೇಟ್ ಎದುರು 42–17ರಲ್ಲಿ ಕುಸಿದದ್ದನ್ನು ಎತ್ತಿ ಹೇಳಿದವರು ಕಡಿಮೆ.

ಸೋಲುಗಳಿಗೇ ಹೆಸರಾಗಿದ್ದ ಇಂಡಿಯಾನಾ ಮರುವರ್ಷ ಮತ್ತೆ ಬಂತು. ಕೋಚ್ ಕರ್ಟ್ ಸಿಗ್ನೆಟಿ. ಕ್ವಾರ್ಟರ್‌ಬ್ಯಾಕ್ ಫರ್ನಾಂಡೊ ಮೆಂಡೋಜಾ, ಎಸಿಸಿಯ ಕ್ಯಾಲಿಫೋರ್ನಿಯಾದಿಂದ ಶಾಲೆ ಬದಲಿಸಿ ಬಂದವನು. 2026ರ ಜನವರಿ 1ರಂದು ರೋಸ್ ಬೌಲ್‌ನಲ್ಲಿ ಇಂಡಿಯಾನಾ ಅಲಬಾಮಾವನ್ನು 38–3ರಲ್ಲಿ ಸೋಲಿಸಿತು. ಆಮೇಲೆ ಅಂತಿಮ ಪಂದ್ಯದಲ್ಲಿ ಮಯಾಮಿಯನ್ನು 27–21ರಲ್ಲಿ ಸೋಲಿಸಿ 16–0 ಆಗಿ ಋತು ಮುಗಿಸಿತು. ಮಿಷಿಗನ್, ಓಹಾಯೊ ಸ್ಟೇಟ್, ಇಂಡಿಯಾನಾ: ಸತತ ಮೂರು ವರ್ಷ ರಾಷ್ಟ್ರೀಯ ಪ್ರಶಸ್ತಿ ಬಿಗ್ ಟೆನ್‌ಗೇ.

ಅಂದರೆ ಈಗ ಬಿಗ್ ಟೆನ್ ಗಟ್ಟಿಯೇ? ಯಾವುದನ್ನು ಗಟ್ಟಿ ಎನ್ನುತ್ತೀರಿ ಎಂಬುದರ ಮೇಲೆ ಹೋಗುತ್ತದೆ. ತುದಿಯ ಎರಡು ಮೂರು ತಂಡ ಎತ್ತಿ ತೂಗಿದರೆ ಹೌದು, ಬಿಗ್ ಟೆನ್ ಕಡೆ ತಟ್ಟೆ ಇಳಿಯುತ್ತದೆ. ನಡುವಿನವರನ್ನು, ಆರನೆಯ, ಎಂಟನೆಯ, ಹತ್ತನೆಯ ತಂಡಗಳನ್ನು ತೂಗಿದರೆ ಎಸ್‌ಇಸಿಯೇ ದಪ್ಪ ಎಂದು ನನಗೆ ಈಗಲೂ ಅನಿಸುತ್ತದೆ. ವೃತ್ತಿಪರ ಲೀಗ್ ವರ್ಷವರ್ಷವೂ ಅಲ್ಲಿಂದಲೇ ಹೆಚ್ಚು ಹುಡುಗರನ್ನು ಆರಿಸಿಕೊಳ್ಳುವುದು ಸುಮ್ಮನೆ ಅಲ್ಲ. ಆದರೆ ಕೂಟದ ಬಲವನ್ನು ತಂಡದ ಖಾತೆಗೆ ಜಮೆ ಮಾಡುವುದನ್ನು ನಾನು ಒಪ್ಪಲಾರೆ. ಅಲಬಾಮಾ ಗೆದ್ದದ್ದು ಅಲಬಾಮಾದ್ದು, ನೆರೆಮನೆಯ ಜಾರ್ಜಿಯಾ ಗೆದ್ದದ್ದು ಅದಕ್ಕೆ ಯಾಕೆ ಸೇರಬೇಕು? ಮೈಸೂರಿನಲ್ಲಿ ದಸರಾ ಕುಸ್ತಿಗೆ ಜೋಡಿ ಕಟ್ಟುವ ಹಿರಿಯರು ಹುಡುಗನನ್ನು ಎದುರು ನಿಲ್ಲಿಸಿಕೊಂಡು ಅವನ ಮೈಕಟ್ಟು, ಅವನ ಹಿಂದಿನ ಪಂದ್ಯ ನೋಡುತ್ತಾರೆ. ಯಾವ ಗರಡಿಯವನು ಎಂಬುದೊಂದರಿಂದಲೇ ಜೋಡಿ ಕಟ್ಟುವುದಿಲ್ಲ.

ಬೇಕಾದದ್ದು ಕಾಲುಸಂಕದ ಜಾಗದಲ್ಲಿ ಸೇತುವೆ, ಕೂಟ ದಾಟಿ ಆಡುವ ಇನ್ನಷ್ಟು ಪಂದ್ಯಗಳು. ಎಸ್‌ಇಸಿ 2026ರಿಂದ ಕೂಟದೊಳಗೆ ಒಂಬತ್ತು ಪಂದ್ಯ ಆಡುತ್ತದೆ. ಜೊತೆಗೆ ಪ್ರತಿ ತಂಡವೂ ಬೇರೆ ದೊಡ್ಡ ಕೂಟದ ಒಂದು ತಂಡವನ್ನೋ ನೋಟರ್ ಡೇಮನ್ನೋ ಎದುರಿಸಲೇಬೇಕು ಎಂದು ಕಟ್ಟು ಮಾಡಿಕೊಂಡಿದೆ. ಒಂದು ಸಾಲದು, ಎರಡಿರಲಿ. 2025ರ ಆಗಸ್ಟ್ ಕೊನೆಯಲ್ಲಿ ಟೆಕ್ಸಾಸ್ ಕೊಲಂಬಸ್‌ಗೆ ಬಂದಿತ್ತು. ಟೆಕ್ಸಾಸ್ ಈಗ ಎಸ್‌ಇಸಿಯ ತಂಡ. ಓಹಾಯೊ ಸ್ಟೇಟ್ 14–7ರಲ್ಲಿ ಗೆದ್ದಿತು. ಎರಡೂ ಕಡೆ ರಕ್ಷಣೆ ಎಷ್ಟು ಬಿಗಿಯಾಗಿತ್ತೆಂದರೆ ಆ ಒಂದು ಪಂದ್ಯದಿಂದ ನಾನು ಕಲಿತದ್ದು ಹತ್ತು ಪಟ್ಟಿಗಳಿಂದ ಕಲಿತಿರಲಿಲ್ಲ. 2026ರ ಸೆಪ್ಟೆಂಬರ್‌ನಲ್ಲಿ ಓಹಾಯೊ ಸ್ಟೇಟ್ ಟೆಕ್ಸಾಸ್‌ನ ಆಸ್ಟಿನ್‌ಗೆ ಹೋಗಬೇಕು.

ಭಾವ, ಭಾವಮೈದ ಇಬ್ಬರೂ ಒಟ್ಟಿಗೆ ಅಲ್ಲಿಗೆ ಹೊರಡುವ ತಯಾರಿಯಲ್ಲಿದ್ದಾರೆ. ಅಳಿಯ ಯಾರ ಕಡೆ ಎಂದು ಕೇಳಬೇಕಿಲ್ಲ. ತಂಗಿಯ ಮಗನನ್ನು ಕೇಳಿದೆ: "ನಿನ್ನ ಅಲಬಾಮಾವನ್ನ ಅದರ ಊರಿಗೇ ಬಂದು ಸೋಲಿಸಿದ್ದು ಇದೇ ಟೆಕ್ಸಾಸ್ ಅಲ್ವೇನೋ? ಈಗ ಅವರಿಗೇ ಜೈ ಅಂತೀಯಾ?"

"ಆಗ ಅವರು ಬಿಗ್ 12ರೋರು ದೊಡ್ಡಮ್ಮ" ಎಂದ. "ಈಗ ನಮ್ಮೋರು."